ಎರಡು ಅಡಿಯ ತೊಟ್ಟಿಯಲ್ಲಿ ಬೇಗ ಬೆಳೆಯುವ ಮೀನು: ಮೈಸೂರು, ಮಂಡ್ಯದ ಮನೆಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಎರಡು ಇಂಚಿನ ಆಸ್ಕರ್ ಮರಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕೊಡುವಾಗ ಅಂಗಡಿಗಳಲ್ಲಿ ಹೇಳುವ ಮಾತೊಂದಿದೆ: ‘ತೊಟ್ಟಿ ಎಷ್ಟು ದೊಡ್ಡದೋ ಮೀನು ಅಷ್ಟೇ ಬೆಳೆಯುತ್ತದೆ, ಚಿಂತೆ ಬೇಡ.’ ಇದರಲ್ಲಿ ಅರ್ಧ ಸತ್ಯವಿದೆ, ಆದ್ದರಿಂದಲೇ ಇದು ಇಷ್ಟು ಕಾಲ ಬಾಳಿದೆ. ಸಣ್ಣ ತೊಟ್ಟಿಯಲ್ಲಿ ಮೀನಿನ ಬೆಳವಣಿಗೆ ಕುಂಠಿತವಾಗುವುದು ನಿಜ. ಆದರೆ ಮೀನು ಜಾಗ ನೋಡಿಕೊಂಡು ಮಾಡಿದ ಹೊಂದಾಣಿಕೆ ಅದಲ್ಲ. ತನ್ನದೇ ಹೊಲಸು ಕರಗಿದ ನೀರಿನಲ್ಲಿ ತಿಂಗಳುಗಟ್ಟಲೆ ಉಸಿರಾಡಿದ್ದರ ಫಲ. ಬೆನ್ನು ಬಾಗುತ್ತದೆ, ಮೈಗೆ ಹೋಲಿಸಿದರೆ ಕಣ್ಣು ದೊಡ್ಡದಾಗಿ ಕಾಣುತ್ತದೆ, ಹತ್ತು ಹದಿನೈದು ವರ್ಷ ಬಾಳಬೇಕಾದ ಮೀನು ಬೇಗ ಸಾಯುತ್ತದೆ.

ನಮ್ಮ ಕಡೆಯ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಗಾಜಿನ ತೊಟ್ಟಿ. ಇದರಲ್ಲಿ ಬೇಗ ಬೆಳೆಯುವ ಮೀನನ್ನು ಸಾಕಲು ಸಾಧ್ಯವೇ ಎಂದರೆ, ಸಾಧ್ಯ. ಆದರೆ ಮರಿಯಾಗಿರುವಷ್ಟು ದಿನ ಮಾತ್ರ. ಆ ದಿನಗಳು ಎಷ್ಟು, ಅಷ್ಟು ದಿನ ಚೆನ್ನಾಗಿ ನೋಡಿಕೊಳ್ಳುವುದು ಹೇಗೆ, ಆಮೇಲೆ ಮೀನನ್ನು ಎಲ್ಲಿಗೆ ಕಳುಹಿಸುವುದು ಎಂಬುದಷ್ಟೇ ಮುಂದಿನ ವಿಷಯ.

ಹಂತ 1: ಕೊಳ್ಳುವ ಮೊದಲು ದೊಡ್ಡದಾದಾಗ ಎಷ್ಟುದ್ದ ಎಂದು ಕೇಳಿ

ಅಂಗಡಿಯಲ್ಲಿ ಎಲ್ಲ ಮರಿಗಳೂ ಬೆರಳುದ್ದವೇ. ವ್ಯತ್ಯಾಸ ಗೊತ್ತಾಗುವುದು ಆಮೇಲೆ. ಅಮೆಜಾನ್ ನದಿ ಕೊಳ್ಳದ ಆಸ್ಕರ್ 30 ಸೆಂಟಿಮೀಟರ್ ಮುಟ್ಟುತ್ತದೆ, ಅದರಲ್ಲೂ ಬಹುಪಾಲನ್ನು ಮೊದಲ ವರ್ಷದಲ್ಲೇ ಬೆಳೆದು ಮುಗಿಸುತ್ತದೆ. ಚೆನ್ನಾಗಿ ತಿಂದರೆ ತಿಂಗಳಿಗೆ ಸುಮಾರು ಒಂದು ಇಂಚು. ಫ್ಲವರ್‌ಹಾರ್ನ್ ಕೂಡ ಹೆಚ್ಚು ಕಡಿಮೆ ಅಷ್ಟೇ. ಗಾಜು ಶುಚಿ ಮಾಡುತ್ತದೆಂದು ಕೊಡುವ ಸಕ್ಕರ್ ಮೀನು 40 ಸೆಂಟಿಮೀಟರ್ ಆಗುತ್ತದೆ. ಸಿಲ್ವರ್ ಶಾರ್ಕ್ ಎಂಬ ಬಾಲಾ ಶಾರ್ಕ್ 35 ಸೆಂಟಿಮೀಟರ್, ಅದೂ ಗುಂಪಿನಲ್ಲಿ ಈಜಬೇಕಾದ ಮೀನು. ಕೋಯಿ ಕಾರ್ಪ್ 60 ಸೆಂಟಿಮೀಟರ್ ದಾಟುತ್ತದೆ. ಉದ್ದ ಬಾಲದ ಕಾಮೆಟ್ ಗೋಲ್ಡ್ ಫಿಶ್ ಒಂದು ಗೇಣು ಮೀರುತ್ತದೆ, ಗುಂಡುಮೈಯ ಒರಾಂಡ, ರ್‍ಯುಕಿನ್ ಜಾತಿಗಳು ಸ್ವಲ್ಪ ಕಡಿಮೆ. ಕೆಂಪು ಬಾಲದ ಕ್ಯಾಟ್‌ಫಿಶ್ ಒಂದು ಮೀಟರ್‌ಗಿಂತ ದೊಡ್ಡದಾಗುತ್ತದೆ. ಅದನ್ನು ಮನೆಯ ಮೀನು ಎಂದು ಮಾರುವುದೇ ತಪ್ಪು.

ಇನ್ನು ‘ಶಾರ್ಕ್’ ಎಂದಷ್ಟೇ ಹೇಳಿ ಮಾರುವ ಬೂದು ಬೆಳ್ಳಿ ಬಣ್ಣದ ಮರಿ. ಅದು ಮೆಕಾಂಗ್ ನದಿಯ ಪಂಗಾಸಿಯಸ್, ಒಂದು ಮೀಟರ್‌ಗೂ ಮೀರಿ ಬೆಳೆಯುವ ಜಾತಿ. ಹೋಟೆಲಿನ ಪಟ್ಟಿಯಲ್ಲಿ ‘ಬಾಸಾ’ ಎಂದು ಬರುವುದು ಹೆಚ್ಚಾಗಿ ಇದೇ ಮೀನು. ಇದನ್ನು ತೂಕಕ್ಕಾಗಿ ಕೊಳಗಳಲ್ಲಿ ಬೆಳೆಸುತ್ತಾರೆ ಎಂಬುದೇ ಬೆಳೆಯುವ ವೇಗಕ್ಕೆ ಸಾಕ್ಷಿ. ಕೆಂಪು ಹೊಟ್ಟೆಯ ಪಿರಾನ ಎಂದು ಮಾರುವ ಪಾಕು ಮರಿಯೂ ಮೀನು ಮಾರುಕಟ್ಟೆಯಲ್ಲಿ ರೂಪಚಂದ್ ಎಂಬ ಹೆಸರಿನಲ್ಲಿ ಕಿಲೋ ಲೆಕ್ಕದಲ್ಲಿ ಸಿಗುವಂಥದ್ದೇ.

ಎರಡು ಅಡಿಯ ತೊಟ್ಟಿಯನ್ನೇ ಕೊನೆಯವರೆಗೂ ಇಟ್ಟುಕೊಳ್ಳುವವರಿಗೆ ಇವು ಯಾವುವೂ ಬೇಡ. ಗಪ್ಪಿ, ಪ್ಲಾಟಿ, ಝೀಬ್ರಾ ಡೇನಿಯೊ, ಹನಿ ಗೌರಾಮಿ ಸಾಕು. ಗಪ್ಪಿಗಳು ಎರಡು ಮೂರು ತಿಂಗಳಲ್ಲೇ ಮರಿ ಹಾಕುವಷ್ಟು ಬೆಳೆಯುತ್ತವೆ, ಬೆಳವಣಿಗೆ ನೋಡುವ ಆಸೆಯೂ ತೀರುತ್ತದೆ. ಇಲ್ಲ, ಆಸ್ಕರ್ ಅಥವಾ ಗೋಲ್ಡ್ ಫಿಶ್ ಬೇಕೇ ಬೇಕು ಎನ್ನುವವರು ಮುಂದೆ ಓದಿ. ಸಕ್ಕರ್ ಮಾತ್ರ, ನನ್ನ ಮಟ್ಟಿಗೆ, ಯಾವ ಸಣ್ಣ ತೊಟ್ಟಿಗೂ ಬೇಡ. ಅದು ತಿನ್ನುವ ಪಾಚಿಗಿಂತ ಹಾಕುವ ಹಿಕ್ಕೆ ಹೆಚ್ಚು.

ಹಂತ 2: ಲೆಕ್ಕ ಉದ್ದದ್ದಲ್ಲ, ತೂಕದ್ದು

‘ಇಷ್ಟು ಲೀಟರಿಗೆ ಇಷ್ಟು ಇಂಚು ಮೀನು’ ಎಂಬ ಸೂತ್ರ ಗಪ್ಪಿಯಂಥ ಸಣ್ಣ ಮೀನಿಗೆ ಹೇಗೋ ನಡೆಯುತ್ತದೆ. ಬೇಗ ಬೆಳೆಯುವ ಮೀನಿಗೆ ನಡೆಯುವುದಿಲ್ಲ. ಮೀನಿನ ಉದ್ದ ಎರಡರಷ್ಟಾದಾಗ ದಪ್ಪವೂ ಅಗಲವೂ ಎರಡರಷ್ಟಾಗುತ್ತವೆ, ಆದ್ದರಿಂದ ತೂಕ ಎಂಟರಷ್ಟಾಗುತ್ತದೆ. ಎರಡು ಇಂಚಿನ ಆಸ್ಕರ್ ಹತ್ತು ಇಂಚು ಮುಟ್ಟಿದಾಗ ಉದ್ದ ಐದು ಪಟ್ಟು, ತೂಕ ನೂರಿಪ್ಪತ್ತೈದು ಪಟ್ಟು. ಮೂರು ಗ್ರಾಮಿನ ಮರಿ ಮುನ್ನೂರೈವತ್ತು ಗ್ರಾಂ ದಾಟಿದ ಮೀನಾಗಿರುತ್ತದೆ. ತಿನ್ನುವುದೂ ವಿಸರ್ಜಿಸುವುದೂ ಈ ತೂಕಕ್ಕೆ ತಕ್ಕ ಹಾಗೆ.

ಈಗ ತೊಟ್ಟಿಯ ಕಡೆ ನೋಡೋಣ. ಒಂದು ಘನ ಅಡಿ ಎಂದರೆ 28.3 ಲೀಟರ್. ನಮ್ಮ ತೊಟ್ಟಿ ಎರಡು ಘನ ಅಡಿ. ಮೇಲೆ ಬಿಟ್ಟ ಜಾಗ, ಕೆಳಗಿನ ಕಲ್ಲು ಕಳೆದರೆ ನಿಜವಾದ ನೀರು ಸುಮಾರು 50 ಲೀಟರ್.

ಶೇಕಡ 35 ಪ್ರೋಟೀನ್ ಇರುವ ಒಣ ಆಹಾರ ದಿನಕ್ಕೆ ಒಂದು ಗ್ರಾಂ ಹಾಕಿದರೆ, ಮೀನು ಸಾಕಣೆಯ ಲೆಕ್ಕಾಚಾರದ ಪ್ರಕಾರ, ಸುಮಾರು 32 ಮಿಲಿಗ್ರಾಂ ಅಮೋನಿಯ ಸಾರಜನಕ ನೀರಿಗೆ ಸೇರುತ್ತದೆ. ಫಿಲ್ಟರ್‌ನಲ್ಲಿರುವ ಬ್ಯಾಕ್ಟೀರಿಯ ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಸಾರಜನಕಕ್ಕೆ ಆಮ್ಲಜನಕ ಸೇರಿ ತೂಕ ಹೆಚ್ಚುವುದರಿಂದ ಕೊನೆಗೆ ಉಳಿಯುವ ನೈಟ್ರೇಟ್ ಸುಮಾರು 140 ಮಿಲಿಗ್ರಾಂ. 50 ಲೀಟರ್‌ನಲ್ಲಿ ಹಂಚಿದರೆ ಲೀಟರಿಗೆ ದಿನಕ್ಕೆ 3 ಮಿಲಿಗ್ರಾಂಗೆ ಸ್ವಲ್ಪ ಕಡಿಮೆ, ವಾರಕ್ಕೆ 20. ನೈಟ್ರೇಟ್ ಲೀಟರಿಗೆ 40 ಮಿಲಿಗ್ರಾಂ ದಾಟದಂತೆ ನೋಡಿಕೊಳ್ಳುವುದು ಸುರಕ್ಷಿತ. ವಾರಕ್ಕೊಮ್ಮೆ ಅರ್ಧ ನೀರು ಬದಲಿಸಿದರೆ ಅದು ಸರಿಯಾಗಿ 40ರ ಆಸುಪಾಸಿನಲ್ಲಿ ನಿಲ್ಲುತ್ತದೆ.

ಅಂದರೆ ಎರಡು ಅಡಿಯ ತೊಟ್ಟಿಗೆ ದಿನಕ್ಕೆ ಒಂದು ಗ್ರಾಂ ಒಣ ಆಹಾರವೇ ಮಿತಿ. ವಾರಕ್ಕೆ ಮುಕ್ಕಾಲು ಪಾಲು ನೀರು ಬದಲಿಸುವ ಶ್ರಮಜೀವಿಗಳು ಒಂದೂವರೆ ಗ್ರಾಂವರೆಗೆ ಹೋಗಬಹುದು. ಆಸ್ಕರ್ ಮರಿ ದಿನಕ್ಕೆ ತನ್ನ ತೂಕದ ಶೇಕಡ 3ರಷ್ಟು ತಿನ್ನುತ್ತದೆ ಎಂದುಕೊಂಡರೆ, ನಾಲ್ಕೂವರೆ ಇಂಚು ಆಗುವ ಹೊತ್ತಿಗೆ ಒಂದು ಗ್ರಾಮಿನ ಗೆರೆ ಮುಟ್ಟುತ್ತದೆ. ಒಂದೇ ಒಂದು ಮೀನಿದ್ದರೂ ತಂದ ಎರಡು ಮೂರು ತಿಂಗಳಲ್ಲಿ ಈ ತೊಟ್ಟಿಯ ಕಾಲ ಮುಗಿಯಿತು. ಜೋಡಿ ಚೆಂದ ಎಂದು ಎರಡು ತಂದರೆ ಇನ್ನೂ ಬೇಗ. ಹತ್ತು ಇಂಚಿನ ಮೀನಿಗೆ ದಿನಕ್ಕೆ ಐದಾರು ಗ್ರಾಂ ಬೇಕು. ಅಷ್ಟನ್ನು 50 ಲೀಟರಿಗೆ ಹಾಕಿದರೆ ಮೂರೇ ದಿನಕ್ಕೆ ನೈಟ್ರೇಟ್ ಮಿತಿ ದಾಟುತ್ತದೆ. ಅದೇ ಆಹಾರವನ್ನು ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಎರಡು ಅಡಿ ಎತ್ತರದ, ಸುಮಾರು 300 ಲೀಟರ್ ನೀರಿರುವ ತೊಟ್ಟಿಗೆ ಹಾಕಿದರೆ ವಾರಕ್ಕೊಮ್ಮೆ ಅರ್ಧ ನೀರು ಬದಲಿಸಿ ನಿಭಾಯಿಸಬಹುದು. ದೊಡ್ಡ ತೊಟ್ಟಿ ಬೇಕೆನ್ನುವುದು ಶೋಕಿಯ ಮಾತಲ್ಲ ಎಂದು ಮನೆಯವರನ್ನು ಒಪ್ಪಿಸಲು ಈ ಲೆಕ್ಕ ಉಪಯೋಗಕ್ಕೆ ಬರುತ್ತದೆ.

ಹಂತ 3: ತೊಟ್ಟಿ ಇಡುವ ಜಾಗ

ಎರಡು ಅಡಿಯ ತೊಟ್ಟಿ ನೀರು, ಕಲ್ಲು, ಗಾಜು ಸೇರಿ 70–80 ಕಿಲೋ ತೂಗುತ್ತದೆ. ಪುಸ್ತಕದ ಕಪಾಟಿನ ಮೇಲೆ ಇಡಬೇಡಿ. ಸಮತಟ್ಟಾದ ಕಬ್ಬಿಣದ ಸ್ಟ್ಯಾಂಡ್, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಥರ್ಮೊಕೋಲ್ ಹಾಳೆ. ಬಿಸಿಲು ನೇರವಾಗಿ ಬೀಳುವ ಕಿಟಕಿ ಬೇಡ. ಆಸ್ಕರ್, ಗೋಲ್ಡ್ ಫಿಶ್ ಎರಡೂ ನೆಲ ಕೆದಕುವ ಜಾತಿ. ಕಲ್ಲಿನ ಅಲಂಕಾರ ಕಡಿಮೆ ಇದ್ದಷ್ಟೂ ಶುಚಿ ಮಾಡುವುದು ಸುಲಭ. ಮುಚ್ಚಳ ಕಡ್ಡಾಯ. ಕೋಯಿ, ಆಸ್ಕರ್, ಬಾಲಾ ಶಾರ್ಕ್ ಮೂರೂ ಹಾರುತ್ತವೆ.

ಹಂತ 4: ಕಾವೇರಿ ನೀರೋ, ಬೋರ್‌ವೆಲ್ ನೀರೋ

ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ಒಂದೇ ಮೀನನ್ನು ಮೈಸೂರಿನ ಒಂದು ಬಡಾವಣೆಯಲ್ಲಿ ಸಾಕುವುದಕ್ಕೂ ಮಂಡ್ಯದ ಕಡೆಯ ಹಳ್ಳಿಯಲ್ಲಿ ಸಾಕುವುದಕ್ಕೂ ಇರುವ ವ್ಯತ್ಯಾಸವೆಲ್ಲ ನೀರಿನಲ್ಲಿದೆ.

ನಲ್ಲಿಯಲ್ಲಿ ಬರುವ ನದಿ ನೀರು ಬೋರ್‌ವೆಲ್ ನೀರಿಗಿಂತ ಮೆದು. ಅದರಲ್ಲಿ ಕ್ಲೋರಿನ್ ಇರುತ್ತದೆ, ಕಿವಿರಿಗೂ ಫಿಲ್ಟರ್ ಬ್ಯಾಕ್ಟೀರಿಯಕ್ಕೂ ಅದು ವಿಷ. ಅಗಲ ಬಾಯಿಯ ಡ್ರಮ್ಮಿನಲ್ಲಿ ನೀರು ತುಂಬಿ, ಗಾಳಿ ಕಲ್ಲು (ಗಾಳಿ ಪಂಪಿಗೆ ಜೋಡಿಸಿ ಗುಳ್ಳೆ ಬಿಡಿಸುವ ಕಲ್ಲು) ಹಾಕಿ ಒಂದು ದಿನ ಬಿಟ್ಟರೆ ಸಾಮಾನ್ಯ ಕ್ಲೋರಿನ್ ಹೋಗುತ್ತದೆ. ಆತುರವಿದ್ದರೆ ಅಂಗಡಿಯಲ್ಲಿ ಸಿಗುವ ಆಂಟಿ ಕ್ಲೋರಿನ್ ಹನಿ ಸಾಕು, ಒಳಗಿರುವುದು ಹೆಚ್ಚಾಗಿ ಸೋಡಿಯಂ ಥಯೋಸಲ್ಫೇಟ್. ಮನೆಯ ಓವರ್‌ಹೆಡ್ ಟ್ಯಾಂಕಿನಲ್ಲಿ ನೀರು ಒಂದು ದಿನ ನಿಂತಿದೆ, ಅಷ್ಟೇ ಸಾಕು ಎಂದುಕೊಳ್ಳಬೇಡಿ. ಮುಚ್ಚಿದ ಟ್ಯಾಂಕಿನಲ್ಲಿ ಕ್ಲೋರಿನ್ ನಿಧಾನವಾಗಿ ಹೋಗುತ್ತದೆ, ಬೆಳಗ್ಗೆ ತಾನೇ ಹೊಸ ನೀರು ಸೇರಿರಲೂಬಹುದು.

ಮೆದು ನೀರಿನ ತೊಂದರೆ ತಡವಾಗಿ ಬರುತ್ತದೆ. ಬ್ಯಾಕ್ಟೀರಿಯ ಅಮೋನಿಯವನ್ನು ನೈಟ್ರೇಟ್ ಮಾಡುವಾಗ ನೀರಿನಲ್ಲಿರುವ ಕ್ಷಾರವನ್ನು ತಿಂದುಹಾಕುತ್ತವೆ. ಒಂದು ಮಿಲಿಗ್ರಾಂ ಸಾರಜನಕಕ್ಕೆ ಏಳು ಮಿಲಿಗ್ರಾಂಗೂ ಹೆಚ್ಚು ಕ್ಷಾರ ಖರ್ಚು. ದಿನಕ್ಕೆ ಒಂದು ಗ್ರಾಂ ಆಹಾರ ಹಾಕುವ 50 ಲೀಟರ್ ತೊಟ್ಟಿಯಲ್ಲಿ ಒಂದು ತಿಂಗಳು ನೀರು ಬದಲಿಸದಿದ್ದರೆ ಲೀಟರಿಗೆ ಸುಮಾರು 140 ಮಿಲಿಗ್ರಾಂ ಕ್ಷಾರ ಹೋಗುತ್ತದೆ. ಮೆದು ನೀರಿನಲ್ಲಿ ಅಷ್ಟು ಇರುವುದೇ ಅನುಮಾನ. ಆಗ ಪಿಎಚ್ (ನೀರು ಆಮ್ಲೀಯವೋ ಕ್ಷಾರೀಯವೋ ಎಂದು ಹೇಳುವ ಅಂಕಿ) ಒಂದೇ ಸಮನೆ ಕುಸಿಯುತ್ತದೆ, ಬ್ಯಾಕ್ಟೀರಿಯ ಕೆಲಸ ನಿಲ್ಲಿಸುತ್ತವೆ. ‘ಎಲ್ಲ ಚೆನ್ನಾಗಿತ್ತು, ನೀರೂ ತಿಳಿಯಾಗಿತ್ತು, ಇದ್ದಕ್ಕಿದ್ದಂತೆ ಸತ್ತವು’ ಎನ್ನುವ ಎಷ್ಟೋ ಸಾವುಗಳ ಹಿಂದೆ ಇದಿರುತ್ತದೆ. ವಾರದ ನೀರು ಬದಲಾವಣೆಯೇ ಇದಕ್ಕೆ ಮದ್ದು. ಜೊತೆಗೆ ಒಂದು ಹಿಡಿ ಹವಳದ ಚೂರು ಅಥವಾ ಕಪ್ಪೆಚಿಪ್ಪನ್ನು ಬಲೆ ಚೀಲದಲ್ಲಿ ಕಟ್ಟಿ ಫಿಲ್ಟರ್ ಪಕ್ಕ ಇಟ್ಟರೆ ಪಿಎಚ್ ಹಿಡಿತದಲ್ಲಿರುತ್ತದೆ.

ಬೋರ್‌ವೆಲ್ ಗಡಸು ನೀರಿನದು ಇದಕ್ಕೆ ತದ್ವಿರುದ್ಧ. ಕ್ಷಾರ ಬೇಕಾದಷ್ಟಿದೆ, ಪಿಎಚ್ ಕುಸಿಯುವುದಿಲ್ಲ. ಆದರೆ ಪಿಎಚ್ ಏರಿದಷ್ಟೂ ಅಮೋನಿಯ ಹೆಚ್ಚು ವಿಷಕಾರಿ. ಪಿಎಚ್ 7 ಇದ್ದಾಗ, ನಮ್ಮ ಮಾಮೂಲಿ ಉಷ್ಣತೆಯಲ್ಲಿ, ಒಟ್ಟು ಅಮೋನಿಯದಲ್ಲಿ ಶೇಕಡ 1ಕ್ಕೂ ಕಡಿಮೆ ಭಾಗ ಮಾತ್ರ ವಿಷರೂಪದಲ್ಲಿರುತ್ತದೆ. ಪಿಎಚ್ 8 ಆದರೆ ಅದು ಶೇಕಡ 5–6. ಅಷ್ಟೇ ಆಹಾರ, ಅಷ್ಟೇ ಮೀನು, ಹತ್ತು ಪಟ್ಟು ಅಪಾಯ. ಆದ್ದರಿಂದ ಗಡಸು ನೀರಿನವರು ಫಿಲ್ಟರ್‌ನಲ್ಲಿ ಬ್ಯಾಕ್ಟೀರಿಯ ನೆಲೆಯೂರಿ ಅದು ಪಕ್ವವಾಗುವ ಮೊದಲು (ಹಂತ 5 ನೋಡಿ) ಮೀನು ಬಿಡಲೇಬಾರದು. ಕಬ್ಬು, ಭತ್ತದ ಗದ್ದೆಗಳ ನಡುವಿನ ಬೋರ್‌ವೆಲ್ ಆದರೆ ಗೊಬ್ಬರದಿಂದ ಬಂದ ನೈಟ್ರೇಟ್ ನೀರಿನಲ್ಲಿ ಮೊದಲೇ ಇರಬಹುದು. ತೊಟ್ಟಿಯದ್ದಕ್ಕಿಂತ ಮೊದಲು ಮೂಲದ ನೀರನ್ನೇ ಒಮ್ಮೆ ಪರೀಕ್ಷಿಸಿ. ಬೋರ್‌ವೆಲ್ ನೀರಿನಲ್ಲಿ ಆಮ್ಲಜನಕ ಕಡಿಮೆ, ಅದನ್ನೂ ಒಂದು ರಾತ್ರಿ ಗಾಳಿಯಾಡಿಸಿಯೇ ಬಳಸಬೇಕು.

ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನ್ ತಂದು ಸುರಿಯುವವರಿದ್ದಾರೆ. ಆರ್‌ಒ ನೀರಿನಲ್ಲಿ ಲವಣಗಳು ತೀರಾ ಕಡಿಮೆ, ಅದೊಂದನ್ನೇ ಬಳಸಿದರೆ ಮೇಲೆ ಹೇಳಿದ ಪಿಎಚ್ ಕುಸಿತವನ್ನು ದುಡ್ಡು ಕೊಟ್ಟು ತಂದಂತೆ. ತೀರಾ ಗಡಸಾದ ಬೋರ್‌ವೆಲ್ ನೀರಿದ್ದರೆ ಅರ್ಧಕ್ಕರ್ಧ ಬೆರೆಸಬಹುದು, ಅಷ್ಟೇ. ಆಸ್ಕರ್ ಮೆದು ನೀರಿನ ಮೀನಾದರೂ ಸಾಧಾರಣ ಗಡಸಿಗೆ ಒಗ್ಗಿಕೊಳ್ಳುತ್ತದೆ, ಗೋಲ್ಡ್ ಫಿಶ್‌ಗಂತೂ ಗಡಸೇ ಹಿತ. ಪಿಎಚ್ ಇಳಿಸುತ್ತೇನೆಂದು ನಿಂಬೆರಸ, ಆ್ಯಸಿಡ್ ಹಾಕುವ ಪ್ರಯೋಗ ಬೇಡ.

ಹಂತ 5: ಫಿಲ್ಟರ್ ಮೊದಲು, ಮೀನು ಆಮೇಲೆ

50 ಲೀಟರ್ ತೊಟ್ಟಿಗೆ ಜೋಡಿ ಸ್ಪಾಂಜ್ ಫಿಲ್ಟರ್, ಜೊತೆಗೆ ಗಂಟೆಗೆ 300–400 ಲೀಟರ್ ನೀರು ಎತ್ತುವ, ಅಂಚಿಗೆ ತೂಗುಹಾಕುವ ಸಣ್ಣ ಫಿಲ್ಟರ್ ಇಟ್ಟುಕೊಳ್ಳಿ. ಕಲ್ಲಿನ ಅಡಿ ಇಡುವ ಪ್ಲಾಸ್ಟಿಕ್ ತಟ್ಟೆಯ ಫಿಲ್ಟರ್ ಬೇಡ. ನೆಲ ಕೆದಕುವ ಮೀನು ಅದನ್ನು ಬಯಲು ಮಾಡುತ್ತದೆ.

ಹೊಸ ಫಿಲ್ಟರ್‌ನಲ್ಲಿ ಬ್ಯಾಕ್ಟೀರಿಯ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಮೀನಿಲ್ಲದ ತೊಟ್ಟಿಯಲ್ಲಿ ಫಿಲ್ಟರ್ ಓಡಿಸುತ್ತಾ ದಿನವೂ ಒಂದು ಚಿಟಿಕೆ ಮೀನಿನ ಆಹಾರ ಹಾಕಿ. ಅದು ಕೊಳೆತು ಅಮೋನಿಯ ಕೊಡುತ್ತದೆ. ಮೊದಲು ಅಮೋನಿಯ ಏರಿ ಇಳಿಯುತ್ತದೆ, ಆಮೇಲೆ ನೈಟ್ರೈಟ್ ಏರಿ ಇಳಿಯುತ್ತದೆ, ಕೊನೆಗೆ ನೈಟ್ರೇಟ್ ಕಾಣಿಸುತ್ತದೆ. ಮೊದಲೆರಡೂ ಸೊನ್ನೆಗೆ ಬಂದ ದಿನ ತೊಟ್ಟಿ ತಯಾರು. ಇದನ್ನು ಕಣ್ಣಿನಲ್ಲಿ ನೋಡಿ ಹೇಳಲಾಗದು, ಹನಿ ಹಾಕುವ ಪರೀಕ್ಷಾ ಕಿಟ್ ಬೇಕು. ಬಣ್ಣದ ಕಲ್ಲು, ಗುಳ್ಳೆ ಬಿಡುವ ಗೊಂಬೆಗಳಿಗೆ ಖರ್ಚು ಮಾಡುವ ಹಣ ಇದಕ್ಕೆ ಹೋಗಲಿ. ಕಾಯಲು ತಾಳ್ಮೆಯಿಲ್ಲದವರಿಗೆ ಒಂದು ಅಡ್ಡದಾರಿಯಿದೆ: ಆರೋಗ್ಯವಾಗಿ ನಡೆಯುತ್ತಿರುವ ಸ್ನೇಹಿತರ ತೊಟ್ಟಿಯಿಂದ ಹಳೆಯ ಸ್ಪಾಂಜ್ ಒಂದನ್ನು ಒದ್ದೆಯಾಗಿಯೇ ತಂದು ನಿಮ್ಮ ಫಿಲ್ಟರ್‌ಗೆ ಸೇರಿಸಿ. ವಾರಗಳ ಕೆಲಸ ದಿನಗಳಿಗೆ ಇಳಿಯುತ್ತದೆ.

ಸ್ಪಾಂಜನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯಬೇಡಿ. ನೀರು ಬದಲಿಸುವಾಗ ತೆಗೆದ ಹಳೆಯ ನೀರಿನಲ್ಲೇ ಹಿಂಡಿ. ಎರಡು ಸ್ಪಾಂಜ್ ಇದ್ದರೆ ಒಂದು ವಾರ ಒಂದನ್ನು, ಮುಂದಿನ ವಾರ ಇನ್ನೊಂದನ್ನು.

ಹಂತ 6: ಮರಿ ತಂದ ದಿನ

ಚೀಲವನ್ನು ಹದಿನೈದು ಇಪ್ಪತ್ತು ನಿಮಿಷ ತೊಟ್ಟಿಯಲ್ಲಿ ತೇಲಿಸಿ, ತೊಟ್ಟಿಯ ನೀರನ್ನು ಸ್ವಲ್ಪ ಸ್ವಲ್ಪ ಸೇರಿಸಿ, ಆಮೇಲೆ ಮೀನನ್ನು ಮಾತ್ರ ಬಲೆಯಲ್ಲಿ ಎತ್ತಿ ಬಿಡಿ. ಚೀಲದ ನೀರು ಗಿಡಕ್ಕೆ. ಅಂದು ಆಹಾರ ಬೇಡ, ದೀಪವೂ ಬೇಡ. ಬಿಳಿ ಚುಕ್ಕೆ, ಅಂಟಿಕೊಂಡ ರೆಕ್ಕೆ, ಮೇಲೆ ಬಂದು ಏದುಸಿರು ಬಿಡುವ ಮರಿಯನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಹಂತ 7: ಊಟ ತೂಗಿ ಹಾಕಿ

ಆಸ್ಕರ್ ಮನುಷ್ಯರನ್ನು ಗುರುತು ಹಿಡಿಯುತ್ತದೆ, ಗಾಜಿನ ಹತ್ತಿರ ಬಂದು ಬಾಯಿ ತೆರೆಯುತ್ತದೆ. ಮನೆಯಲ್ಲಿ ಐದು ಜನರಿದ್ದರೆ ಐವರೂ ಒಂದೊಂದು ಹಿಡಿ ಹಾಕುತ್ತಾರೆ, ಅಜ್ಜಿ ಇಡ್ಲಿ ಚೂರು ಹಾಕುತ್ತಾರೆ. ಬೇಗ ಬೆಳೆಯುವ ಮೀನು ಸಣ್ಣ ತೊಟ್ಟಿಯಲ್ಲಿ ಸಾಯುವುದು ಹಸಿವಿನಿಂದಲ್ಲ, ಈ ಪ್ರೀತಿಯಿಂದ. ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ವಾರಕ್ಕಾಗುವ ಆಹಾರವನ್ನು ತೂಗಿ, ದಿನಕ್ಕೊಂದರಂತೆ ಆರು ಪೊಟ್ಟಣ ಕಟ್ಟಿಡಿ. ಏಳನೆಯ ದಿನ ಉಪವಾಸ. ಪೊಟ್ಟಣ ಖಾಲಿಯಾದರೆ ಆ ದಿನದ ಊಟ ಮುಗಿಯಿತು ಎಂದು ಎಲ್ಲರಿಗೂ ಗೊತ್ತಾಗುತ್ತದೆ.

ಮರಿಗೆ ದಿನಕ್ಕೆ ತೂಕದ ಶೇಕಡ 3ರಷ್ಟು, ಎರಡು ಹೊತ್ತಿಗೆ ಹಂಚಿ. ಗೇಣುದ್ದದ ಮೀನಿಗೆ ಶೇಕಡ 1–2 ಸಾಕು. ಎರಡು ಮೂರು ನಿಮಿಷದಲ್ಲಿ ತಿಂದು ಮುಗಿಸದ ಆಹಾರವನ್ನು ತೆಗೆದುಬಿಡಿ. ಆಸ್ಕರ್‌ಗೆ ಶೇಕಡ 35–40 ಪ್ರೋಟೀನಿನ ಗುಳಿಗೆ ಮೂಲ ಆಹಾರವಾಗಿರಲಿ; ಜೊತೆಗೆ ವಾರಕ್ಕೊಮ್ಮೆ ರಾಸಾಯನಿಕ ಬೀಳದ ಹಿತ್ತಿಲಿನ ಎರೆಹುಳು, ಸಿಪ್ಪೆ ಸುಲಿದ ಸಿಗಡಿ. ಗೋಲ್ಡ್ ಫಿಶ್‌ಗೆ ಬೇಯಿಸಿ ಸಿಪ್ಪೆ ತೆಗೆದ ಬಟಾಣಿ, ಪಾಲಕ್ ಸೊಪ್ಪು ಹಿಡಿಸುತ್ತದೆ. ಚರಂಡಿಯಿಂದ ಹಿಡಿದ ಟ್ಯುಬಿಫೆಕ್ಸ್ ಹುಳು ರೋಗದ ಮೂಟೆ. ಕೋಳಿ, ದನದ ಮಾಂಸದ ಕೊಬ್ಬು ಮೀನಿಗೆ ಜೀರ್ಣವಾಗುವುದಿಲ್ಲ. ಬೇಟೆ ನೋಡುವ ಆಸೆಗೆ ಜೀವಂತ ಗೋಲ್ಡ್ ಫಿಶ್ ಮರಿ ಹಾಕುವುದು ಇನ್ನೂ ಕೆಟ್ಟದ್ದು: ಕಾಯಿಲೆ ಬರುವುದಷ್ಟೇ ಅಲ್ಲ, ಆ ಮರಿಗಳಲ್ಲಿರುವ ಥಯಾಮಿನೇಸ್ ಎಂಬ ಕಿಣ್ವ ಆಸ್ಕರ್ ಮೈಯ ಬಿ1 ಜೀವಸತ್ವವನ್ನು ನಾಶ ಮಾಡುತ್ತದೆ.

ಬೆಳೆಯದಿರಲಿ ಎಂದು ಹಸಿವಿನಲ್ಲಿಡುವುದೂ ಬೇಡ. ಅದು ಅಂಗಡಿಯವರ ಅರ್ಧ ಸತ್ಯವನ್ನು ನಾವೇ ಜಾರಿಗೆ ತಂದಂತೆ.

ಹಂತ 8: ನೀರು ಬದಲಾವಣೆ, ಬರೆದಿಟ್ಟು

ವಾರಕ್ಕೊಂದು ದಿನ ಗೊತ್ತು ಮಾಡಿಕೊಳ್ಳಿ. ಕೊಳವೆಯಿಂದ ತಳದ ಹಿಕ್ಕೆ ಸಹಿತ ಅರ್ಧ ನೀರು ಎಳೆಯಿರಿ, ಹಿಂದಿನ ದಿನ ಸಿದ್ಧಪಡಿಸಿದ ನೀರನ್ನು ನಿಧಾನವಾಗಿ ತುಂಬಿ. ಎರಡು ನೀರಿನ ಉಷ್ಣತೆಯಲ್ಲಿ ಎರಡು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿರಬಾರದು. ಬಿಸಿಲಿನಲ್ಲಿ ಕಾದ ತಾರಸಿ ಟ್ಯಾಂಕಿನ ನೀರನ್ನು ನೇರವಾಗಿ ಸುರಿದರೆ ಮೀನಿಗೆ ಆಘಾತ. ತೆಗೆದ ನೀರಿನಲ್ಲಿ ಉಪ್ಪು, ಔಷಧಿ ಇಲ್ಲದಿದ್ದರೆ ಮಲ್ಲಿಗೆ ಕುಂಡಕ್ಕೂ ವೀಳ್ಯದೆಲೆ ಬಳ್ಳಿಗೂ ಅದಕ್ಕಿಂತ ಒಳ್ಳೆಯ ಗೊಬ್ಬರವಿಲ್ಲ. ಮನಿಪ್ಲಾಂಟ್ ಬಳ್ಳಿಯ ಬೇರು ಮಾತ್ರ ತೊಟ್ಟಿಯ ನೀರಿಗೆ ಇಳಿಯುವಂತೆ ಅಂಚಿಗೆ ಕಟ್ಟಿದರೆ ಅದೂ ಸ್ವಲ್ಪ ನೈಟ್ರೇಟ್ ಹೀರುತ್ತದೆ. ನೀರು ಬದಲಿಸುವ ಕೆಲಸ ಅದರಿಂದ ತಪ್ಪುವುದಿಲ್ಲ.

ಗೋಡೆಯ ಕ್ಯಾಲೆಂಡರಿನಲ್ಲಿ ನೀರು ಬದಲಿಸಿದ ದಿನ, ನೈಟ್ರೇಟ್ ಅಂಕಿ ಬರೆಯಿರಿ. ತಿಂಗಳಿಗೊಮ್ಮೆ ಗಾಜಿನ ಹೊರಗೆ ಸ್ಕೇಲ್ ಹಿಡಿದು ಮೀನಿನ ಉದ್ದವನ್ನೂ ಗುರುತಿಸಿ. ತೊಟ್ಟಿ ಬದಲಿಸುವ ಹೊತ್ತು ಬಂತು ಎಂದು ಹೇಳುವ ಗುರುತು ಎರಡು: ದಿನದ ಆಹಾರ ಒಂದು ಗ್ರಾಂ ದಾಟುವುದು, ಅಥವಾ ಮೀನಿನ ಉದ್ದ ತೊಟ್ಟಿಯ ಅಗಲದ ಅರ್ಧ ಮುಟ್ಟುವುದು. ಒಂದು ಅಡಿ ಅಗಲಕ್ಕೆ ಆರು ಇಂಚು. ಸಾಮಾನ್ಯವಾಗಿ ಆಹಾರದ ಗೆರೆಯೇ ಮೊದಲು ಬರುತ್ತದೆ.

ಬೇಸಿಗೆ, ಚಳಿ, ಕರೆಂಟು, ರಜೆ

ನೀರು ಬಿಸಿಯಾದಷ್ಟೂ ಅದು ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಕಡಿಮೆ: 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 8.2 ಮಿಲಿಗ್ರಾಂ, 30 ಡಿಗ್ರಿಯಲ್ಲಿ 7.5. ಅದೇ ಹೊತ್ತಿನಲ್ಲಿ ಮೀನಿಗೆ ಬೇಕಾಗುವ ಆಮ್ಲಜನಕ ಹೆಚ್ಚು. ಏಪ್ರಿಲ್ ಸೆಕೆಯಲ್ಲಿ ಆಹಾರ ಇಳಿಸಿ, ಗಾಳಿ ಹೆಚ್ಚಿಸಿ, ಮುಚ್ಚಳದ ಬದಲು ಬಲೆ ಹಾಕಿ ಮೇಲೊಂದು ಸಣ್ಣ ಫ್ಯಾನ್ ತಿರುಗಿಸಿದರೆ ಎರಡು ಡಿಗ್ರಿ ಇಳಿಯುತ್ತದೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಆಸ್ಕರ್‌ಗೆ 50 ವಾಟ್‌ನ ಹೀಟರ್ ಬೇಕು, 25–27 ಡಿಗ್ರಿಗೆ ಹೊಂದಿಸಿ. ಗೋಲ್ಡ್ ಫಿಶ್‌ಗೆ ಬೇಡ.

ಕರೆಂಟು ಹೋದಾಗ ಮೊದಲು ಸಾಯುವುದು ದೊಡ್ಡ ಮೀನು. ಗಾಳಿ ಪಂಪಿಗೆ ಬೇಕಾಗುವುದು ಮೂರು ನಾಲ್ಕು ವಾಟ್, ಅದನ್ನು ಮನೆಯ ಇನ್ವರ್ಟರ್ ಸಾಲಿಗೆ ಸೇರಿಸಿ. ಇನ್ವರ್ಟರ್ ಇಲ್ಲದವರು ಬ್ಯಾಟರಿ ಪಂಪ್ ಇಟ್ಟುಕೊಳ್ಳಿ. ಹಲವು ಗಂಟೆ ನಿಂತ, ಮುಚ್ಚಿದ ಡಬ್ಬಿಯ ಫಿಲ್ಟರ್ ಇದ್ದರೆ ಒಳಗಿನ ಕೊಳೆತ ನೀರು ಚೆಲ್ಲಿ ಆಮೇಲೆ ಚಾಲೂ ಮಾಡಿ.

ದಸರಾ ರಜೆಗೆ ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೆ ಆಹಾರದ ಡಬ್ಬಿ ಕೊಟ್ಟು ಹೋಗಬೇಡಿ. ಆರೋಗ್ಯವಂತ ಮೀನು ಐದಾರು ದಿನ ಉಪವಾಸ ಇರಬಲ್ಲದು.

ಕಾಯಿಲೆ ಕಂಡರೆ

ಮೊದಲ ಔಷಧಿ ನೀರು ಬದಲಾವಣೆ, ಎರಡನೆಯದು ಪರೀಕ್ಷಾ ಕಿಟ್. ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಆಮ್ಲಜನಕ ಸಾಲದು ಅಥವಾ ನೈಟ್ರೈಟ್ ಹೆಚ್ಚಿದೆ; ಅರ್ಧ ನೀರು ಬದಲಿಸಿ, ಲೀಟರಿಗೆ ಒಂದು ಗ್ರಾಂ ಕಲ್ಲುಪ್ಪು ಕರಗಿಸಿ ಹಾಕಿ. ಉಪ್ಪಿನ ಕ್ಲೋರೈಡ್ ನೈಟ್ರೈಟ್ ರಕ್ತಕ್ಕೆ ಸೇರದಂತೆ ತಡೆಯುತ್ತದೆ. ಆಸ್ಕರ್, ಫ್ಲವರ್‌ಹಾರ್ನ್ ತಲೆಯಲ್ಲಿ ಸಣ್ಣ ಗುಳಿಗಳು ಕಾಣಿಸಿಕೊಂಡರೆ ಅದು ಹಳಸಿದ ನೀರು ಮತ್ತು ಒಂದೇ ಬಗೆಯ ಆಹಾರದ ಜೊತೆ ಬರುವ ಕಾಯಿಲೆ, ಸಣ್ಣ ತೊಟ್ಟಿಯ ದೊಡ್ಡ ಮೀನಿಗೆ ಮಾಮೂಲು. ಬಿಳಿ ಚುಕ್ಕೆ ಬಂದರೆ ಆಸ್ಕರ್ ತೊಟ್ಟಿಯ ಉಷ್ಣತೆಯನ್ನು ದಿನಕ್ಕೆ ಒಂದೆರಡು ಡಿಗ್ರಿಯಂತೆ 30ಕ್ಕೆ ಏರಿಸಿ, ಗಾಳಿ ಹೆಚ್ಚಿಸಿ, ಉಪ್ಪನ್ನು ಲೀಟರಿಗೆ 2 ಗ್ರಾಂ ಮಾಡಿ. ಹುರುಪೆಯಿಲ್ಲದ ಪಂಗಾಸಿಯಸ್‌ನಂಥ ಮೀನಿಗೆ ಇಷ್ಟು ಉಪ್ಪು ಹೆಚ್ಚಾಗಬಹುದು, ಅರ್ಧದಿಂದ ಶುರು ಮಾಡಿ.

ಹಂತ 9: ತೊಟ್ಟಿ ಮೀರಿದ ಮೀನಿಗೆ ದಾರಿ

ಈ ಹಂತವನ್ನು ಮೀನು ಕೊಳ್ಳುವ ದಿನವೇ ಯೋಚಿಸಿರಬೇಕು. ನಾಲ್ಕು ಅಡಿಯ ತೊಟ್ಟಿ ಒಂದು ಆಸ್ಕರ್‌ಗೆ ಸಾಕು; 300 ಲೀಟರ್ ಎಂದರೆ ಗಾಜು, ಸ್ಟ್ಯಾಂಡ್ ಸೇರಿ 400 ಕಿಲೋ, ನೆಲ ಮಹಡಿಯಲ್ಲಿ ಗೋಡೆಗೆ ಒತ್ತಿ ಇಡಿ. ಗೋಲ್ಡ್ ಫಿಶ್, ಕೋಯಿಗೆ ಹಿತ್ತಿಲಿನ ನೆರಳಿನಲ್ಲಿ ಸಿಮೆಂಟು ಅಥವಾ ಟಾರ್ಪಾಲಿನ್ ತೊಟ್ಟಿ ಒಳ್ಳೆಯದು, ಮಿಂಚುಳ್ಳಿಗೂ ಬೆಕ್ಕಿಗೂ ಸಿಗದಂತೆ ಬಲೆ ಹಾಕಬೇಕು. ತಾರಸಿಯ ಮೇಲೆ ಸಾವಿರ ಲೀಟರ್ ತುಂಬುವ ಮೊದಲು ಅದು ಒಂದು ಟನ್ ಎಂದು ನೆನಪಿರಲಿ, ಎಂಜಿನಿಯರನ್ನು ಕೇಳಿ. ಇವೆರಡೂ ಆಗದಿದ್ದರೆ ದೊಡ್ಡ ತೊಟ್ಟಿಯಿರುವ ಹವ್ಯಾಸಿಗಳಿಗೆ ಕೊಡಿ. ಕೆಲವು ಅಂಗಡಿಗಳು ಬೆಳೆದ ಮೀನನ್ನು ವಾಪಸು ಪಡೆಯುತ್ತವೆ, ಕೊಳ್ಳುವಾಗಲೇ ಮಾತಾಡಿಕೊಳ್ಳಿ.

ಕೆರೆಗೆ ಬಿಡುವುದು ಮಾತ್ರ ಯಾವ ಕಾರಣಕ್ಕೂ ಕೂಡದು. ಕುಕ್ಕರಹಳ್ಳಿ ಕೆರೆ, ದೇವಸ್ಥಾನದ ಕಲ್ಯಾಣಿ, ವಿಶ್ವೇಶ್ವರಯ್ಯ (ವಿ.ಸಿ.) ನಾಲೆ, ಕಾವೇರಿ, ಎಲ್ಲಕ್ಕೂ ಇದೇ ಮಾತು. ಬಿಟ್ಟವರಿಗೆ ಪುಣ್ಯ ಬಂದಂತೆ ಅನಿಸುತ್ತದೆ. ದಕ್ಷಿಣ ಅಮೆರಿಕದ ಸಕ್ಕರ್ ಮೀನು ಹೀಗೆಯೇ ದಕ್ಷಿಣ ಭಾರತದ ಹಲವು ಕೆರೆಗಳಲ್ಲಿ ನೆಲೆಯೂರಿದೆ. ಅದು ಮಣ್ಣಿನ ದಡದಲ್ಲಿ ಬಿಲ ಕೊರೆದು ಮೊಟ್ಟೆಯಿಡುವ ಜಾತಿ. ಏರಿಯನ್ನೇ ನಂಬಿದ ನಮ್ಮ ಕೆರೆಗಳಿಗೆ ಇದು ಸಣ್ಣ ವಿಷಯವಲ್ಲ. ಮೈಮೇಲೆ ಗಟ್ಟಿ ಹಲಗೆ, ಮುಳ್ಳು ರೆಕ್ಕೆ ಇರುವುದರಿಂದ ಹಕ್ಕಿಗಳಿಗೂ ನುಂಗುವುದು ಕಷ್ಟ, ಬಲೆಗೆ ಬಿದ್ದರೆ ಬಲೆ ಹರಿಯುತ್ತದೆ. 2018ರ ಪ್ರವಾಹದ ನಂತರ ಕೇರಳದ ಚಾಲಕುಡಿ ನದಿಯಲ್ಲಿ ಅರಾಪೈಮಾ, ಅಲಿಗೇಟರ್ ಗಾರ್‌ನಂಥ ಸಾಕು ಮೀನುಗಳು ಮೀನುಗಾರರ ಬಲೆಗೆ ಬಿದ್ದವು. ಹೊಲದ ಕೃಷಿ ಹೊಂಡ ನಮ್ಮದೇ ತಾನೇ ಎನ್ನುವವರೂ ಇದನ್ನು ನೆನೆಯಬೇಕು. ಜೋರು ಮಳೆಗೆ ಹೊಂಡ ಉಕ್ಕಿದರೆ ಮೀನು ಹಳ್ಳ ಹಿಡಿದು ನದಿ ಸೇರುತ್ತದೆ. ಕಾವೇರಿ ಕೊಳ್ಳ ಬಿಟ್ಟರೆ ಬೇರೆಲ್ಲೂ ಸಹಜವಾಗಿ ಇಲ್ಲದ, ಅಳಿವಿನ ಅಂಚಿನಲ್ಲಿರುವ ಡುಬ್ಬದ ಮಹಶೀರ್ ಮೀನು ಇರುವುದು ಇದೇ ನೀರಿನಲ್ಲಿ.

ಸಾಗಿಸುವ ಹಿಂದಿನ ದಿನ ಮೀನಿಗೆ ಊಟ ಕೊಡಬೇಡಿ, ದಾರಿಯಲ್ಲಿ ನೀರು ಕೆಡುವುದಿಲ್ಲ. ಮುಚ್ಚಳವಿರುವ ಅಗಲ ಬಕೆಟ್, ಅರ್ಧದಷ್ಟು ಹಳೆಯ ತೊಟ್ಟಿಯ ನೀರು, ಬ್ಯಾಟರಿ ಪಂಪ್ ಸಾಕು. ಕ್ಯಾಟ್‌ಫಿಶ್, ಸಕ್ಕರ್‌ಗಳನ್ನು ಬಲೆಯಲ್ಲಿ ಹಿಡಿಯಬೇಡಿ, ರೆಕ್ಕೆಯ ಮುಳ್ಳು ಸಿಕ್ಕಿಕೊಳ್ಳುತ್ತದೆ. ಪ್ಲಾಸ್ಟಿಕ್ ಡಬ್ಬಿಯನ್ನು ನೀರಿನೊಳಗೆ ಇಳಿಸಿ ಅದರೊಳಗೆ ಓಡಿಸಿ. ಹಳೆಯ ಸ್ಪಾಂಜ್ ಫಿಲ್ಟರನ್ನು ಒಣಗಲು ಬಿಡದೆ ಮೀನಿನ ಜೊತೆಯೇ ಹೊಸ ತೊಟ್ಟಿಗೆ ಹಾಕಿ, ಮೊದಲ ವಾರ ಆಹಾರ ಅರ್ಧಕ್ಕೆ ಇಳಿಸಿ, ಮೂರನೆಯ ದಿನ ಅಮೋನಿಯ ಪರೀಕ್ಷಿಸಿ.